ಹಂಪಮ್ಮನ ಕತ್ತಲು

ಬಹಳ ಹಿಂದೆ, ಯಾವ ಕಾಲ ಅಂತ ನನ್ನನ್ನು ಕೇಳಬೇಡಿ, ಬಿಸಿಲ ಸೀಮೆಯ ಒಂದು ಊರಿನಲ್ಲಿ ಚಿನ್ನದ ಗಣಿ ಇತ್ತಂತೆ. ಊರಿನ ಅರ್ಧ ಜನ ನೆಲದ ಮೇಲೆ, ಅರ್ಧ ಜನ ನೆಲದ ಕೆಳಗೆ. ಆ ಊರಿನಲ್ಲಿ ಹಂಪಮ್ಮ ಎಂಬ ಹೆಣ್ಣುಮಗಳಿದ್ದಳು. ಕಣ್ಣು ಮಾಡುವುದು ಅವಳ ಕಸುಬು. ಮನುಷ್ಯರ ಕಣ್ಣಲ್ಲ, ಕ್ಯಾಮೆರಾದ ಕಣ್ಣು. ಓದಿದವರು ಅದಕ್ಕೆ ಸೆನ್ಸರ್ ಅನ್ನುತ್ತಾರೆ.

ಉಗುರಿನಗಲದ ಒಂದು ಚಿಪ್, ಅದರ ಮೈತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳು. ಬೆಳಕು ಬಿದ್ದಷ್ಟು ಗುಳಿ ತುಂಬುತ್ತದೆ. ಯಾವ ಗುಳಿ ಎಷ್ಟು ತುಂಬಿತು ಅಂತ ಅಳೆದು ಅಂಕಿ ಮಾಡಿ ಹೇಳುವ ಸರ್ಕ್ಯೂಟು ಅದರ ಅಂಚಿನಲ್ಲೇ ಇರುತ್ತದೆ. ಆ ಅಂಕಿಗಳೆಲ್ಲ ಸೇರಿದರೆ ಚಿತ್ರ. ಇದರ ಒಂದೊಂದು ಗೆರೆಯನ್ನೂ ಹಂಪಮ್ಮ ತಾನೇ ಎಳೆಯುತ್ತಿದ್ದಳಂತೆ. ಚಿಪ್ಪಿನ ಮೇಲೆ ಬೆರಳಿಟ್ಟೇ ಯಾವ ಗುಳಿ ಸೋರುತ್ತದೆ ಅಂತ ಹೇಳುತ್ತಿದ್ದಳು ಅನ್ನುವವರೂ ಇದ್ದಾರೆ. ಊರವರ ಬಾಯಿ, ಇಲಿ ಹೋಯಿತು ಅಂದರೆ ಹುಲಿ ಹೋಯಿತು ಅನ್ನುತ್ತದೆ. ನಾನು ಅಷ್ಟು ದೂರ ಹೋಗುವುದಿಲ್ಲ.

ಒಂದು ಮಧ್ಯಾಹ್ನ ಗಣಿ ಕುಸಿಯಿತು. ಕೆಳಗೆ ಸಿಕ್ಕಿಕೊಂಡವರಲ್ಲಿ ಹಂಪಮ್ಮನ ಒಡಹುಟ್ಟಿದ ತಮ್ಮ ಅಮರೇಶನೂ ಇದ್ದ. ಮೇಲಿನಿಂದ ಬೋರು ಕೊರೆದರು. ಅದು ಹೋಗಿ ಒಂದು ಹಳೆಯ ಸುರಂಗಕ್ಕೆ ಬಿತ್ತು. ಅಲ್ಲಿಂದ ಎಡಕ್ಕೊಂದು ದಾರಿ, ಬಲಕ್ಕೊಂದು ದಾರಿ, ಎರಡರ ಬಾಯಿಗೂ ಬಂಡೆ. ಜನ ಯಾವ ಕಡೆ ಇದ್ದಾರೋ ಗೊತ್ತಿಲ್ಲ. ಒಂದು ಕಡೆ ಅಗೆಯುವಷ್ಟೇ ಹೊತ್ತಿತ್ತು. ಆ ಕಡೆ ಸುಳ್ಳಾದರೆ, ಈ ಕಡೆ ಅಗೆದು ಮುಗಿಯುವಷ್ಟರಲ್ಲಿ ಒಳಗಿನ ಗಾಳಿ ತೀರಿಹೋಗಿರುತ್ತಿತ್ತು.

ಹಂಪಮ್ಮ ತನ್ನ ಕಣ್ಣನ್ನು ತಂತಿಗೆ ಕಟ್ಟಿ ಬೋರಿನಲ್ಲಿ ಇಳಿಬಿಟ್ಟಳು. ಪರದೆಯ ಮೇಲೆ ಕತ್ತಲು ಬಂತು, ಕತ್ತಲಿನ ಎಡಗಡೆ ಬೆಳಕಿನ ಚುಕ್ಕೆಗಳು ಬಂದವು. ಬಂಡೆಯ ಸಂದಿಯಲ್ಲಿ ದೀಪ ಇಣುಕಿದ ಹಾಗೇ ಇತ್ತಂತೆ. ಜನ ಹೋ ಅಂದರು. ಅಮರೇಶನ ಹೆಂಡತಿ ದೇವಮ್ಮ ಪರದೆಗೇ ಕೈಮುಗಿದಳು. ಅಗೆಯುವವರು ಗುದ್ದಲಿ ಹಿಡಿದು ಎದ್ದೇಬಿಟ್ಟರು.

ಹಂಪಮ್ಮ ಮಾತ್ರ ಪರದೆಗೆ ಮುಖ ಹತ್ತಿಸಿ ಆ ಚುಕ್ಕೆಗಳನ್ನೇ ನೋಡಿದಳು. ಅಳೆಯುವ ಸರ್ಕ್ಯೂಟನ್ನು ಎಡ ಅಂಚಿಗೆ ಇಟ್ಟವಳು ಅವಳೇ. ಕೆಲಸ ಮಾಡುವಾಗ ಅದು ಬಿಸಿಯಾಗುತ್ತದೆ, ಭೂಮಿಯ ಒಳಗೋ ಮೊದಲೇ ಕುದಿ. ಜ್ವರ ಬಂದವನಿಗೆ ಕಣ್ಣು ಮುಚ್ಚಿದರೂ ಏನೇನೋ ಕಾಣುವುದಿಲ್ಲವೇ, ಹಾಗೆ. ಬಿಸಿ ಏರಿದರೆ ಬೆಳಕಿಲ್ಲದೆಯೂ ಆ ಅಂಚಿನ ಕೆಲವು ಗುಳಿಗಳು ತಾವಾಗಿ ತುಂಬುತ್ತವೆ. ಈ ಚುಕ್ಕೆಗಳು ದೀಪವೋ, ಕಣ್ಣಿನ ಜ್ವರವೋ? ದೀಪವೇ ಆಗಿರಲಿ ಅಂತ ಅವಳ ಜೀವವೂ ಬಡಿದುಕೊಳ್ಳುತ್ತಿತ್ತು.

ಕಣ್ಣನ್ನು ಮೇಲೆಳೆಯಿರಿ ಅಂದಳಂತೆ. ಅದಕ್ಕೆ ಕರಿ ತೊಗಲು ಕಟ್ಟಿ ಮತ್ತೆ ಇಳಿಸಬೇಕು, ಅಲ್ಲೇ ಅಷ್ಟೇ ಬಿಸಿಯಾಗಲು ಬಿಡಬೇಕು. ಕಟ್ಟಿದ ಕಣ್ಣಿಗೆ ಕಂಡದ್ದೆಲ್ಲ ಸುಳ್ಳು. ಆ ಸುಳ್ಳನ್ನು ಮೊದಲ ಚಿತ್ರದಿಂದ ಕಳೆದರೆ ಉಳಿಯುವುದು ನಿಜ.

ದೇವಮ್ಮ ಮೈಮೇಲೆ ಬಂದವಳಂತೆ ಕೂಗಿದಳು: "ಕಣ್ಣು ಕಟ್ಟಿ ನೋಡಾಕ ಹೊಂಟೀಯೇನಕ್ಕಾ? ಒಳಗ ಇರೋನು ನಿನ್ನ ತಮ್ಮ ಅಲ್ಲೇನು?"

ಅಗೆಯುವವರ ಮೇಸ್ತ್ರಿ ಮೌನೇಶಪ್ಪ ಹತ್ತಿರ ಬಂದು ಕೇಳಿದ. "ಅವು ದೀಪ ಅಲ್ಲಂತ ಖಾತ್ರಿ ಐತೇನವ್ವಾ?"

"ಇಲ್ಲ ಕಾಕಾ. ಇದ್ದಿದ್ರ ಹೊತ್ತು ಕೇಳ್ತಿರಲಿಲ್ಲ."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನಾವು ಕಟ್ಟೆಯ ಮೇಲೆ ಕೂತು ಹೇಳುತ್ತೇವೆ. ಒಳಗೆ ಜನ ಉಸಿರು ಎಳೆಯುತ್ತಿರುವಾಗ ಹೇಳಿ ನೋಡಿ. ಮೌನೇಶಪ್ಪ ತನ್ನವರಿಗೆ ಕೂಡ್ರಿ ಅಂದ. ಅವರು ಹಲ್ಲು ಕಚ್ಚಿ ಕೂತರು.

ಕಟ್ಟಿದ ಕಣ್ಣು ಇಳಿಯಿತು. ಬಿಸಿಯಾಗಲಿ ಅಂತ ಕಾದರು. ಯಾರೋ ಹಂಪಮ್ಮನಿಗೆ ಬೈದರು, ಯಾರೋ ಮಣ್ಣು ತೂರಿದರು. ಅವಳು ಪರದೆ ಬಿಟ್ಟು ಅಲುಗಲಿಲ್ಲವಂತೆ. ಕೊನೆಗೆ ಬಂದ ಚಿತ್ರದಲ್ಲಿ ಅವೇ ಚುಕ್ಕೆಗಳು, ಅದೇ ಎಡಗಡೆ. ತೊಗಲು ಕಟ್ಟಿದ ಕಣ್ಣಿಗೆ ದೀಪ ಎಲ್ಲಿಂದ ಕಾಣಬೇಕು?

ಹಂಪಮ್ಮ ಅದನ್ನು ಮೊದಲ ಚಿತ್ರದಿಂದ ಕಳೆದಳು. ಎಡಗಡೆಯ ದೀಪಗಳೆಲ್ಲ ಒಮ್ಮೆಗೇ ಆರಿಹೋದವು. ಹೆಂಗಸರು ಎದೆ ಬಡಿದುಕೊಂಡು ಅತ್ತರು. ಆಗ, ಎಲ್ಲ ಕಪ್ಪಾದ ಮೇಲೆ, ಬಲಗಡೆ ಬೂದಿಯೊಳಗಿನ ಕೆಂಡದಷ್ಟು ಏನೋ ಉಳಿದಿತ್ತು.

"ಬಲಕ್ಕ ಅಗೀರಿ," ಅಂದಳು.

ಬಲಕ್ಕೆ ಅಗೆದರು. ಅಲ್ಲಿದ್ದವರೆಲ್ಲ ಜೀವಂತವಾಗಿ ಬಂದರು. ಇದ್ದ ದೀಪಗಳನ್ನೆಲ್ಲ ಆರಿಸಿ ಒಂದೇ ಒಂದನ್ನು ಉಳಿಸಿಕೊಂಡು ಕೂತಿದ್ದರಂತೆ. ಹಂಪಮ್ಮ ಬಂದವರ ಮುಖ ಒಂದೊಂದಾಗಿ ನೋಡಿದಳು. ಕೊನೆಯ ಮುಖವೂ ಅಮರೇಶನದಲ್ಲ. ಕುಸಿಯುವಾಗ ಅವನೊಬ್ಬ ಎಡಕ್ಕೆ ಹೋಗಿದ್ದ ಅಂದರು. ಆಮೇಲೆ ಎಡಕ್ಕೆ ಅಗೆದಾಗ ಬಂಡೆಯ ಕೆಳಗೆ ಸಿಕ್ಕ. ಮೊದಲ ಬಂಡೆ ಬಿದ್ದಾಗಲೇ ಜೀವ ಹೋಗಿತ್ತು, ಅವನ ದೀಪವೂ ಅವನೊಂದಿಗೇ ಒಡೆದಿತ್ತು. ತಮ್ಮನ ದೀಪವನ್ನು ಕೈಯಾರೆ ಆರಿಸಿದಳು ಅಂತ ಆಡಿದವರೂ ಉಂಟು. ಅದನ್ನು ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ದೇವಮ್ಮ ಬಹಳ ಕಾಲ ಹಂಪಮ್ಮನ ಸಂಗಡ ಮಾತು ಬಿಟ್ಟಿದ್ದಳು. ಆಮೇಲೆ ಒಂದು ದಿನ ತಾನಾಗಿ ಬಂದು, ಕಣ್ಣು ಕಟ್ಟಿ ತೆಗೆದ ಆ ಕತ್ತಲ ಚಿತ್ರ ಬೇಕು ಅಂದಳಂತೆ. ಅದನ್ನು ದೇವರ ಗೂಡಿನಲ್ಲಿಟ್ಟು, ಎಡಗಡೆಯ ಚುಕ್ಕೆ ತೋರಿಸಿ ಮಕ್ಕಳಿಗೆ, ನೋಡ್ರಿ ನಿಮ್ಮಪ್ಪನ ದೀಪ ಅನ್ನುತ್ತಿದ್ದಳು.

ಈಗಲೂ ಆ ಊರಿನಲ್ಲಿ ಮದುವೆಗೆ, ತೊಟ್ಟಿಲಿಗೆ ಫೋಟೋ ತೆಗೆಯುವವನು ಮೊದಲು ಕ್ಯಾಮೆರಾಕ್ಕೆ ಅಂಗೈ ಮುಚ್ಚಿ ಒಂದು ತೆಗೆಯುತ್ತಾನೆ. ಹಂಪಮ್ಮನ ಕತ್ತಲು ಆಯಿತೇನಪ್ಪಾ ಅಂತ ಹಿರಿಯರು ಕೇಳುತ್ತಾರೆ, ಆಮೇಲೆಯೇ ಮದುಮಕ್ಕಳು ನಗುವುದು. ಆಲ್ಬಮ್ಮಿನ ಮೊದಲ ಪುಟಕ್ಕೆ ಆ ಕತ್ತಲನ್ನೇ ಅಂಟಿಸುತ್ತಾರೆ. ಅದರಲ್ಲಿ ಎಲ್ಲಾದರೂ ಒಂದು ಚುಕ್ಕೆ ಕಂಡರೆ ಅಮರೇಶನ ದೀಪ ಅನ್ನುತ್ತಾರೆ.

ಅದು ಬರೀ ಬಿಸಿ ಅಂತ ಹಂಪಮ್ಮನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೂ ಬದುಕಿರುವ ತನಕ ಅವಳು ಆ ಮಾತನ್ನು ತಿದ್ದಲಿಲ್ಲವಂತೆ.