ಕಾರಿಗೆ ನಂಬಿಕೆ ಬರಲಿಲ್ಲ

"ಗೇರು ಅಲ್ಲಾಡ್ತಿಲ್ಲ. ಗೇರ್‌ಬಾಕ್ಸ್ ಹೋಗಿದೆ, ಬಿಚ್ಚು! ನಾನು ಎಂಜಿನಿಯರು, ನನಗೆ ಗೊತ್ತಿಲ್ವಾ?" ರಿಟೈರಾದ ಶ್ರೀಪಾದರಾಯರು ತಮ್ಮ ಆಟೊಮ್ಯಾಟಿಕ್ ಕಾರಿನೊಳಗಿಂದಲೇ ಗುಡುಗಿದರು.

ಬಿಚ್ಚಿದರೆ ನಾಲ್ಕು ದಿನದ ಕೆಲಸ. ಅಂದೇ ಹನ್ನೊಂದು ಗಂಟೆಗೆ ರಾಯರ ಮೊಮ್ಮಗಳ ನಾಮಕರಣ.

"ಬಿಚ್ಚೋಣ ಸಾರ್" ಎಂದು ಮೆಕ್ಯಾನಿಕ್ ಜಬ್ಬಾರ್ ಕಾರಿನ ಹಿಂದೆ ಹೋಗಿ ನಿಂತ. "ಒಂದ್ಸಲ ಬ್ರೇಕ್ ಒತ್ತಿ."

"ಒತ್ತಿದೀನಿ."

"ಇಲ್ಲ ಸಾರ್, ಒತ್ತಿಲ್ಲ."

"ಒತ್ತಿದೀನಿ ಕಣಯ್ಯಾ!"

"ಹಿಂದೆ ಕೆಂಪು ದೀಪ ಹತ್ತಿಲ್ವಲ್ಲ! ಕಾರೂ ನಿಮ್ಮನ್ನ ನಂಬಿಲ್ಲ. ಬ್ರೇಕ್ ಒತ್ತಿದ್ದು ಗೊತ್ತಾಗದೆ ಇದು ಗೇರು ಬಿಡೋಲ್ಲ."

ಬ್ರೇಕ್ ದೀಪದ ಫ್ಯೂಸ್ ಸುಟ್ಟಿತ್ತು. ಆಯುಧಪೂಜೆಗೆ ಡ್ಯಾಶ್‌ಬೋರ್ಡಿನ ಗಣಪತಿಗೆ ಸುತ್ತಿದ್ದ ದೀಪದ ಸರಕ್ಕೆ ಯಾರೋ ಆ ಫ್ಯೂಸಿನಿಂದಲೇ ವೈರು ಎಳೆದಿದ್ದರು. ಜಬ್ಬಾರ್ ಅದನ್ನು ಕಿತ್ತು, ಹೊಸ ಫ್ಯೂಸ್ ಹಾಕಿದ. ಗೇರು ಬೆಣ್ಣೆಯ ಹಾಗೆ ಜಾರಿತು.

"ಈ ವೈರು ಎಳೆದೋನು ಯಾರು ಸಾರ್? ಎಂಜಿನಿಯರಂತೂ ಅಲ್ಲ. ಸಿಕ್ಕಿದ್ರೆ ನಾಲ್ಕು ಮಾತು ಬೈಬೇಕು."

ರಾಯರ ದನಿ ಇಳಿಯಿತು. "ಬಿಡಪ್ಪ, ಪಾಪ, ವಯಸ್ಸಾದೋನು."