ಕೋಲೆ ಬಸವನ ಸ್ವಂತ ವಿಚಾರ

ಚುನಾವಣೆಯ ಕಾಲ. ಸಂತೆಬೀದಿಯಲ್ಲಿ ಕೋಲೆ ಬಸವನ ಹಗ್ಗ ಜಗ್ಗುತ್ತ ಯಜಮಾನ, "ಕೊಡೆ ಪಕ್ಷವೇ ಗೆಲ್ಲಬೇಕಲ್ಲವೇನಪ್ಪಾ ಬಸವಣ್ಣ?" ಎಂದ. ಬಸವ ಹೌದೆಂದು ತಲೆಯಾಡಿಸಿತು.

ಕೋಡಿನ ಮೇಲೆ ಕೂತಿದ್ದ ಕಾಗೆ ಕೇಳಿತು: "ನಿನ್ನೆ ಬಿಂದಿಗೆ ಪಕ್ಷಕ್ಕೂ ಹೀಗೇ ತಲೆಯಾಡಿಸಿದೆಯಲ್ಲ?"

"ನಿನ್ನೆ ಮೋಸಹೋಗಿದ್ದೆ. ಇಂದು ಆಳವಾಗಿ ಯೋಚಿಸಿದ್ದೇನೆ" ಎಂದಿತು ಬಸವ. ತಲೆಯಾಡಿಸಿದ ಮೇಲೆಯೇ ಅದಕ್ಕೆ ಕಾರಣಗಳು ಹೊಳೆಯುತ್ತಿದ್ದವು.

"ಯೋಚಿಸಿದ್ದು ನೀನೋ, ಹಗ್ಗವೋ?"

ಬಸವನಿಗೆ ಮೈಯೆಲ್ಲ ಉರಿದುಹೋಯಿತು. "ನಾನೇನು ಹಗ್ಗದ ಗುಲಾಮನೇ?" ಎಂದು ಗುಡುಗಿ, ಅಲ್ಲವೆಂದು ತಲೆ ಅಲ್ಲಾಡಿಸಲು ಹೊರಟಿತು. ಅಷ್ಟರಲ್ಲಿ ಯಜಮಾನ ಮುಂದಿನ ಅಂಗಡಿಗೆ ಹೋಗಲು ಹಗ್ಗ ಜಗ್ಗಿದ. ತಲೆ ಹೌದೆಂದು ಆಡಿಬಿಟ್ಟಿತು.

ಬಸವ ಗಂಭೀರವಾಗಿ ಹೇಳಿತು: "ಗುಲಾಮಗಿರಿಯಲ್ಲೂ ಒಂದು ಘನತೆಯಿದೆ ಕಾಗೆರಾಯ. ನಿನ್ನಂಥ ಅಲೆಮಾರಿಗೆ ಅದೆಲ್ಲ ತಿಳಿಯದು."