ಕೊಡದ ಹಿಂದಿನ ಬೆಕ್ಕು

ಆರು ವರ್ಷದಿಂದ ವಾರಕ್ಕೊಂದರಂತೆ ಇಂಟರ್‌ನೆಟ್ಟಿನಲ್ಲಿ ಬೆಕ್ಕಿನ ಚಿತ್ರಕಥೆ ಹಾಕುತ್ತಿದ್ದ ಇಂಚರಳಿಗೆ ಶುರುವಿನಲ್ಲಿ ಕಾಲು ಬಿಡಿಸಲು ಬರುತ್ತಿರಲಿಲ್ಲ. ಹಾಗಾಗಿ ಮೊದಲನೇ ಕಂತಿನ ಬೆಕ್ಕನ್ನು ಕೊಡದ ಹಿಂದೆ ಕೂರಿಸಿಬಿಟ್ಟಿದ್ದಳು. ಈಗ ಆ ಕಂತನ್ನು ಅಳಿಸಿ ಹೊಸದಾಗಿ ಬಿಡಿಸುವ ಮನಸ್ಸು ಮಾಡಿದಳು. ಸುದ್ದಿ ಕೇಳಿದ್ದೇ ತಡ, ಮುನ್ನೂರನೇ ಕಂತಿನ ಬೆಕ್ಕು ಅಲ್ಲಿಗೆ ಜಿಗಿದು ಬಂತು.

“ಏಳಜ್ಜೀ, ಇನ್ನು ಈ ಜಾಗ ನನ್ನದು. ನಿನ್ನ ಮುಖವೋ, ಸೋರೆಕಾಯಿಗೆ ಮೀಸೆ ಅಂಟಿಸಿದ ಹಾಗಿದೆ. ಕಾಲಂತೂ ಇಲ್ಲವೇ ಇಲ್ಲ!”

ಹಳೆಯ ಬೆಕ್ಕು ಕದಲಲಿಲ್ಲ. ಸೊಟ್ಟ ಮೀಸೆಯನ್ನೇ ಹುರಿಗೊಳಿಸಿ ಹೇಳಿತು: “ನಿಜ ಮಗಳೇ. ನಿನ್ನ ಬೆನ್ನಿಗೆ ಇನ್ನೂರ ತೊಂಬತ್ತೊಂಬತ್ತು ಬೆಕ್ಕುಗಳಿವೆ. ನಾನು ಜನರೆದುರು ಹೋದ ದಿನ ನನ್ನ ಬೆನ್ನಿಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ, ಕಾಲೇ ಇಲ್ಲದೆ, ಮೊದಲು ಹೊರಟವಳು ನಾನು.”

ಹೊಸ ಬೆಕ್ಕು ತನ್ನ ನಾಲ್ಕೂ ಕಾಲುಗಳನ್ನು ಒಮ್ಮೆ ನೋಡಿಕೊಂಡಿತು.

ಮರುದಿನ ಅಳಿಸಲೆಂದು ಇಂಚರ ಆ ಕಂತನ್ನು ತೆರೆದಾಗ, ಕೊಡದ ಹಿಂದೆ ಎರಡು ಬೆಕ್ಕುಗಳು ಒತ್ತಿಕೊಂಡು ಕೂತಿದ್ದವು. ಎರಡರ ಕಾಲೂ ಕಾಣುತ್ತಿರಲಿಲ್ಲ.